ಸಂಡಿಗೆ ಮಹಲು

ಬೆಳ್ಳಾವರದ ದಂಡುಪ್ರದೇಶದಲ್ಲಿ ಎಂಟು ಕಂಬಗಳ ಮೇಲೆ ನಿಂತಿರುವ ಬಿಳಿ ಗುಮ್ಮಟದ ಕಟ್ಟಡ ಈಗ ಇತಿಹಾಸದ ವಸ್ತುಸಂಗ್ರಹಾಲಯ. ಬ್ರಿಟಿಷರು ತಮ್ಮ ಯಾವುದೋ ಯುದ್ಧದ ನೆನಪಿಗೆ ಕಟ್ಟಿಸಿದ್ದು. ಫಲಕದಲ್ಲಿ ‘ವಿಜಯ ಸ್ಮಾರಕ ಭವನ’ ಎಂದು ಒಂದಡಿ ಎತ್ತರದ ಅಕ್ಷರಗಳಿದ್ದರೂ ಊರಿನವರಿಗೆ ಅದು ಸಂಡಿಗೆ ಮಹಲು. ಒಳಗೆ ಸಂಡಿಗೆ ಮಾರುತ್ತಿದ್ದರೆಂದು ಕೆಲವರು ಹೇಳುವುದು ಶುದ್ಧ ತಪ್ಪು.

ಗುಮ್ಮಟ ಏಳುವ ಮುಂಚೆ ಅಲ್ಲೊಂದು ವಿಶಾಲವಾದ ಹಾಸುಬಂಡೆಯಿತ್ತು, ಊರಿನ ಹೆಂಗಸರು ಬೇಸಿಗೆಯಲ್ಲಿ ಅದರ ಮೇಲೆಯೇ ಹಪ್ಪಳ ಸಂಡಿಗೆ ಒಣಗಿಸುತ್ತಿದ್ದರು ಎನ್ನುತ್ತಾರೆ. ಭವನದ ಉದ್ಘಾಟನೆಯ ಬೆಳಿಗ್ಗೆ ಆ ಹೆಂಗಸರಲ್ಲೊಬ್ಬರಾದ ಭಾಗೀರಥಮ್ಮನವರಿಗೆ ಬೇರೆಯೇ ಚಿಂತೆ. ಮಗಳ ಮದುವೆಗೆ ಉಳಿದದ್ದು ಐದೇ ದಿನ. ಬೀಗರಾದರೋ, ಅರಳು ಸಂಡಿಗೆ ಗರಿಗರಿಯಾಗಿಲ್ಲವೆಂದು ಹಿಂದಿನ ವರ್ಷ ಇನ್ನೊಬ್ಬರ ಚಪ್ಪರದಿಂದ ಎದ್ದುಹೋಗಿದ್ದ ಜನ. ಬಂಡೆ ಹೋಗಿತ್ತು, ಆದರೆ ಅದರ ಮೇಲೆ ಕಟ್ಟಿದ ಇಪ್ಪತ್ತೊಂದು ಮೆಟ್ಟಿಲುಗಳಿಗೆ ಬಿಸಿಲು ಚೆನ್ನಾಗಿಯೇ ಬೀಳುತ್ತಿತ್ತು. ಅವರು ಮಡಿಯುಟ್ಟು ಹೋಗಿ, ಪಂಚೆಗಳನ್ನು ಹಾಸಿ, ಮೇಲಿನಿಂದ ಕೆಳಗಿನವರೆಗೆ ಸಂಡಿಗೆ ಇಟ್ಟರು.

ಅವರ ಮೈದುನ, ಅಮಲ್ದಾರ ಶೇಷಗಿರಿ, ಪೇಟ ಹಿಡಿದುಕೊಂಡು ಓಡಿಬಂದರು.

“ಅತ್ತಿಗೆ! ಹತ್ತು ಗಂಟೆಗೆ ದೊರೆ ಬರ್ತಾರೆ. ಇದನ್ನೆಲ್ಲ ಎತ್ತಿಬಿಡಿ!”

“ಹಸಿ ಹಿಟ್ಟು ಕಣಯ್ಯ, ಎತ್ತಿದರೆ ಮುದ್ದೆಯಾಗುತ್ತೆ.”

“ಹಾಗಾದ್ರೆ ನಾನೇ ಎತ್ತಿಸ್ತೀನಿ.”

“ಮಡೀಲಿ ಇಟ್ಟದ್ದು. ಬೂಟು ಹಾಕ್ಕೊಂಡು ಮುಟ್ಟು ನೋಡೋಣ. ಎಲೆ ಮೇಲೆ ಸಂಡಿಗೆ ಯಾಕಿಲ್ಲ ಅಂತ ಬೀಗರಿಗೆ ನೀನೇ ಹೇಳಬೇಕಾಗುತ್ತೆ.”

ಶೇಷಗಿರಿ ಆ ಬೀಗರನ್ನು ಬಲ್ಲವರು. ದೊರೆಯೇ ವಾಸಿ ಎಂದುಕೊಂಡರು.

ವಾದ್ಯ ಬಾರಿಸುತ್ತ ಮೆರವಣಿಗೆ ಬಂತು. ಇದೇನೆಂದು ದೊರೆ ಕೇಳಿದಾಗ ಶೇಷಗಿರಿ ಬೆವರೊರೆಸಿಕೊಂಡು, “ಸೂರ್ಯನಿಗೆ ಒಪ್ಪಿಸಿದ್ದು ಸ್ವಾಮಿ. ನಾಲ್ಕು ದಿನ ಯಾರೂ ಮುಟ್ಟುವಂತಿಲ್ಲ” ಎಂದರು. ಅದರಲ್ಲಿ ಸುಳ್ಳು ಒಂದಕ್ಷರವೂ ಇರಲಿಲ್ಲ. ದೊರೆ ಟೋಪಿ ತೆಗೆದು, ಕಾಗೆ ಓಡಿಸುವ ಕೋಲು ಹಿಡಿದು ನಿಂತಿದ್ದ ಭಾಗೀರಥಮ್ಮನವರನ್ನು ಪೂಜಾರಿಣಿಯೆಂದು ಬಗೆದು ಅವರ ಮುಂದೆ ತಲೆಬಾಗಿದರು.

“ನೆರಳು ಬೀಳ್ತಿದೆ, ಸ್ವಲ್ಪ ಆ ಕಡೆ ಸರೀರಿ” ಎಂದರು ಭಾಗೀರಥಮ್ಮನವರು.

“ಹರಸಿದರು” ಎಂದು ಶೇಷಗಿರಿ ತರ್ಜುಮೆ ಮಾಡಿದರು.

ಸಂತುಷ್ಟರಾದ ದೊರೆ ಹಿತ್ತಲಿನಲ್ಲಿ ಇದ್ದಿಲು ಸಾಗಿಸಲು ಇಟ್ಟಿದ್ದ ಗಿಡ್ಡ ಬಾಗಿಲಿನಿಂದ, ಪದಕಗಳು ನೆಲಕ್ಕೆ ತಾಗುವಷ್ಟು ಬಗ್ಗಿ, ಒಳಗೆ ಹೋಗಿ ಭವನವನ್ನು ಉದ್ಘಾಟಿಸಿದರು. ಐದನೆಯ ದಿನ ಬೀಗರು ಮೂರು ಸಲ ಕೇಳಿ ಸಂಡಿಗೆ ಬಡಿಸಿಕೊಂಡರಂತೆ.

ಆ ದೊರೆ ಹೊರಡಿಸಿದ ಆಜ್ಞೆ ಒಳಗೆ, ಎರಡು ಕತ್ತಿಗಳ ನಡುವೆ, ಗಾಜಿನ ಚೌಕಟ್ಟಿನಲ್ಲಿದೆ: ಈ ಮೆಟ್ಟಿಲುಗಳ ಮೇಲೆ ಸ್ತ್ರೀಯರು ನಡೆಸುವ ಸೂರ್ಯಾರಾಧನೆಗೆ ಯಾವ ಅಧಿಕಾರಿಯೂ ಅಡ್ಡಿಪಡಿಸತಕ್ಕದ್ದಲ್ಲ. ಅದನ್ನು ಇದುವರೆಗೆ ಯಾರೂ ರದ್ದುಪಡಿಸಿಲ್ಲ. ಚೈತ್ರದಲ್ಲಿ ಬರುವ ಪ್ರೇಕ್ಷಕರು ಇಂದಿಗೂ ಮೆಟ್ಟಿಲುಗಳ ತುಂಬ ಒಣಗುವ ಸಂಡಿಗೆಯನ್ನು ನೋಡಿ, ಟಿಕೆಟ್ ಹಿಡಿದು, ಸೊಂಟ ಬಗ್ಗಿಸಿ ಇದ್ದಿಲು ಬಾಗಿಲಿನಿಂದಲೇ ಒಳಗೆ ಹೋಗುತ್ತಾರೆ.