ಇಳಿದ ಚಾವಡಿ

ಹಂದ್ರಿ ಹೊಳೆಯ ಈಚೆ ದಡದಲ್ಲಿ, ಹೊಸ ಸೇತುವೆಯ ನೆರಳು ಬೀಳುವಲ್ಲಿ, ಒಂದು ಹಳೆಯ ಚಾವಡಿಯಿದೆ. ಎದೆಯೆತ್ತರದ ಜಗಲಿ, ತೇಗದ ಕಂಬ, ಹೊಳೆಯ ಗಾಳಿ ಎಲ್ಲವೂ ಉಂಟು; ಆದರೂ ಜಗಲಿಯ ಮೇಲೆ ಯಾರೂ ಕೂರುವುದಿಲ್ಲ. ಬಂದವರು ಅಂಗಳದ ಚಪ್ಪಡಿಯ ಸುತ್ತ ಕೂರುತ್ತಾರೆ. ಕಟ್ಟಡ ಒಂದು ಗೇಣೂ ಕುಸಿದಿಲ್ಲ, ಊರವರು ಮಾತ್ರ ಅದನ್ನು ‘ಇಳಿದ ಚಾವಡಿ’ ಎನ್ನುತ್ತಾರೆ. ಪರವೂರಿನವರು ಬಗ್ಗಿ ಅಡಿಪಾಯ ನೋಡುವಾಗ ನಮಗೆ ಒಳಗೊಳಗೇ ನಗು.

ಹಿಂದೆ ಒಮ್ಮೆ ಈ ಸೀಮೆ ಒಬ್ಬ ದೇಸಾಯಿಯ ಕೈಯಲ್ಲಿತ್ತು. ಸಂತೆಗೆ ಹೋಗುವವರು, ಬಸುರಿಯರು, ಮದುವೆಯ ದಿಬ್ಬಣ, ಎಲ್ಲರೂ ದೋಣಿಯಲ್ಲೇ ದಾಟಬೇಕಿದ್ದ ಕಾಲವದು. ದಾಟಿಸುವ ಗುತ್ತಿಗೆಯನ್ನು ಪ್ರತಿ ಯುಗಾದಿಯಂದು ಇದೇ ಚಾವಡಿಯಲ್ಲಿ ಕೊಡುತ್ತಿದ್ದರು. ಜಗಲಿಯ ಮೇಲೆ ತಟ್ಟೆಯಲ್ಲಿ ವೀಳ್ಯ ಇಡುವುದು. ಊರ ಹಿರಿಯರ ಸಾಕ್ಷಿಯಲ್ಲಿ ಅದನ್ನು ಎತ್ತಿದವನಿಗೆ ಆ ವರ್ಷದ ಹೊಳೆ. ‘ಯಾರಿಗೂ ಬೇಡವೆಂದಿಲ್ಲ, ಬೇಕಾದವರು ಎತ್ತಲಿ’ ಎಂದು ದೇಸಾಯಿ ಸಾರುತ್ತಿದ್ದನಂತೆ. ಎಂಥ ಧಾರಾಳ ಮಾತು! ಆದರೆ ಸಿದ್ದಿಗಳು ಜಗಲಿ ಹತ್ತುವಂತಿರಲಿಲ್ಲ. ಅವರು ಕಡಲಾಚೆಯ ಆಫ್ರಿಕೆಯಿಂದ ಹಡಗುಗಳಲ್ಲಿ ತರಲ್ಪಟ್ಟು, ಧಣಿಗಳಿಂದ ತಪ್ಪಿಸಿಕೊಂಡು ಈ ಕಾಡು ಸೇರಿದ ಕರಿಯ ಜನರ ಮಕ್ಕಳು. ದೋಣಿ ಕಟ್ಟುವವರೂ ಹುಟ್ಟು ಹಾಕುವವರೂ ಅವರೇ. ಗುತ್ತಿಗೆ ಮಾತ್ರ ವರ್ಷವೂ ದೇಸಾಯಿಯ ಭಾವಮೈದುನನ ಪಾಲು.

ಜೂಜೆ ಎಂಬ ಸಿದ್ದಿ ಹರೆಯದಲ್ಲೇ ತನಗೆಂದು ಒಂದು ದೋಣಿ ಕಟ್ಟಿ ಗುಡಿಸಲ ಪಕ್ಕ ಕವುಚಿಟ್ಟಿದ್ದ. ಗುತ್ತಿಗೆಯಿಲ್ಲದೆ ಅದನ್ನು ಹೊಳೆಗಿಳಿಸುವಂತಿರಲಿಲ್ಲ. ಬೇಸಿಗೆಗೆ ಹಲಗೆಗಳು ಬಿರಿದಾಗ ಹೆಂಡತಿ ಮಂಗೇಲಿಯೊಡನೆ ಕೂತು ಸಂದಿಗಳಿಗೆ ರಾಳ ಮೆತ್ತುತ್ತಿದ್ದ. “ಹೊಳೀ ಸಪ್ಪಳ ಕೇಳಿ ಇದಕ್ಕೂ ಸಂಕಟ ಆಗ್ತದೇನೋ,” ಎಂದು ಅವಳು ದೋಣಿಯ ಬೆನ್ನು ಸವರುತ್ತಿದ್ದಳಂತೆ. ಯುಗಾದಿ ಬಂತೆಂದರೆ ಜೂಜೆ ಮಡಿಬಟ್ಟೆ ಉಟ್ಟು ಅಂಗಳದ ಬಿಸಿಲಲ್ಲಿ ನಿಂತು, ಮೇಲಿನ ತಟ್ಟೆಯನ್ನೇ ನೋಡಿ ಮನೆಗೆ ಮರಳುತ್ತಿದ್ದ. ಪರರ ದೋಣಿಗೆ ಹುಟ್ಟು ಹಾಕುತ್ತಲೇ ಅವನ ತಲೆ ನರೆಯಿತು.

ಒಂದು ಮಳೆಗಾಲದ ನೆರೆಯಲ್ಲಿ ಗುತ್ತಿಗೆದಾರ ಮನೆಯಲ್ಲಿ ಬೆಚ್ಚಗೆ ಮಲಗಿದ್ದಾಗ, ಗಾಣಿಗರ ಕಾಡಪ್ಪನ ಮಗಳನ್ನು ಹೆರಿಗೆ ನೋವಿನಲ್ಲೇ ದಾಟಿಸಿದವನು ಜೂಜೆ. ಮುಂದಿನ ಯುಗಾದಿಗೆ ಕಾಡಪ್ಪ ಹಿರಿಯರ ಸಾಲಿನಲ್ಲಿ ಕೂತಿದ್ದ. ಅಂಗಳದಲ್ಲಿ ನಿಂತಿದ್ದ ಜೂಜೆಯನ್ನು ನೋಡಿ ಎದ್ದ, ಜಗಲಿ ಇಳಿದು ಅವನ ಪಕ್ಕ ನಿಂತ.

“ಯಾಕೋ ಕಾಡಪ್ಪ, ಇಳದಿ?” ದೇಸಾಯಿ ಕೇಳಿದ.

“ನನ್ನ ಮಗಳನ್ನ ದಾಟಿಸಿದಾತ ಇಲ್ಲಿ ನಿಂತಾನ್ರಿ ಧಣಿ. ಆತಗ ಎಟಕದ ವೀಳ್ಯಕ್ಕ ನಾ ಸಾಕ್ಷಿ ಆಗಾಂಗಿಲ್ಲ.”

ಉಳಿದ ಹಿರಿಯರೂ ಒಬ್ಬರ ಹಿಂದೊಬ್ಬರು ಇಳಿದರು. ಸಾಕ್ಷಿಯಿಲ್ಲದೆ ಗುತ್ತಿಗೆ ನಿಲ್ಲದು. ಹೊತ್ತು ಇಳಿಯುವವರೆಗೆ ದೇಸಾಯಿ ಒಬ್ಬನೇ ಕೂತಿದ್ದು, ಕೊನೆಗೆ ತಾನೇ ತಟ್ಟೆ ಹಿಡಿದು ಬಂದು ಚಪ್ಪಡಿಯ ಮೇಲಿಟ್ಟ. ಜೂಜೆ ಬಗ್ಗಿ ವೀಳ್ಯ ಎತ್ತಿದ. ಆದರೆ ಒಣಗಿ ಕೂತಿದ್ದ ದೋಣಿ ಹೊಳೆಗಿಳಿದೊಡನೆ ಸಂದುಸಂದಿನಲ್ಲಿ ನೀರು ಎಳೆಯಿತು. ಭಾವಮೈದುನ ಕೇಕೆ ಹಾಕಿ ನಕ್ಕು, ತನ್ನ ದೋಣಿ ಸಿದ್ಧವಿದೆಯೆಂದ. “ಭಾಳ ವರ್ಷದ ದಾಹ ಐತಿ, ಕುಡೀಲಿ ಬಿಡ್ರಿ,” ಎಂದ ಜೂಜೆ, ಕಲ್ಲು ಹೇರಿ ದೋಣಿಯನ್ನು ದಡದ ನೀರಲ್ಲೇ ಮುಳುಗಿಸಿಟ್ಟ. ಹಲಗೆ ಉಬ್ಬಿ ಸಂದಿ ಕೂಡುವವರೆಗೆ ಒಬ್ಬರೂ ಇನ್ನೊಂದು ದೋಣಿ ಹತ್ತಲಿಲ್ಲ. ಸಂತೆ ತಪ್ಪಿತು, ಕಾಡಪ್ಪನ ಎಣ್ಣೆಯ ಕೊಡಗಳು ದಡದಲ್ಲೇ ಉಳಿದವು. ಕಡೆಗೆ ದೋಣಿ ತೇಲಿದಾಗ ಜೂಜೆ ಮೊದಲು ಮಂಗೇಲಿಯನ್ನು ಕೂರಿಸಿಕೊಂಡು ಆಚೆ ದಡ ಮುಟ್ಟಿ ಬಂದ. ಅವಳು ದಾರಿಯುದ್ದಕ್ಕೂ ಅತ್ತಳು ಎನ್ನುತ್ತಾರೆ.

ಸೇತುವೆ ಬಂದ ಮೇಲೆ ದೋಣಿ ನಿಂತಿತು. ಆ ಸೇತುವೆಗೆ ಸಿದ್ದಿಗಳೂ ಕಲ್ಲು ಹೊತ್ತರು. ಅದರ ಗುತ್ತಿಗೆ ಮಾತ್ರ ಯಾವುದೋ ಪಟ್ಟಣದ ಮುಚ್ಚಿದ ಬಾಗಿಲ ಹಿಂದೆ ಮುಗಿದಿತ್ತು. ಈಗಲೂ ಯುಗಾದಿಯಂದು ಬಂದವರು ಕಾಣಬಹುದು: ಸಿದ್ದಿ ಹೆಂಗಸರು ಚಪ್ಪಡಿಯ ಮೇಲೆ ವೀಳ್ಯ ಇಟ್ಟು ಸಂಜೆಯವರೆಗೆ ಕೂತಿರುತ್ತಾರೆ. ಎಲೆ ಬಾಡಿದ ಮೇಲೆ ಹೊಳೆಗೆ ಬಿಡುತ್ತಾರೆ. ಯಾಕೆಂದು ಕೇಳಿದರೆ ಪಟ್ಟಣದಿಂದ ಬರುವ ರಸ್ತೆಯ ಕಡೆ ನೋಡುತ್ತ, “ಯಾರರೆ ಇಳದು ಬಂದಾರು ಅಂತ ದಾರಿ ಕಾಯ್ತೀವ್ರಿ,” ಎನ್ನುತ್ತಾರೆ.