ಬೆರಳಿಟ್ಟು ಓದುವವರು

"ಗುರುಗಳೇ, ಎಲ್ಲರೂ ಮೆಚ್ಚಿದ ನನ್ನ ಹಾಳೆಯನ್ನು ಗೋಡೆಯಿಂದ ಯಾಕೆ ಕಿತ್ತಿರಿ?" ಎಂದು ನಿರ್ವಾಣೆಪ್ಪ ಕೇಳಿದ. ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುವುದನ್ನು ಕಲಿಯುತ್ತಿದ್ದವನು ಅವನು. ಒಂದೇ ವಾಕ್ಯವನ್ನು ದಿನಕ್ಕೊಂದು ಬಗೆಯಲ್ಲಿ ಜೋಡಿಸುವುದು ಅಲ್ಲಿನ ಅಭ್ಯಾಸ. ಅವನ ದನಿಯಲ್ಲಿ ಸಿಟ್ಟಿತ್ತು.

"ಕೂತುಕೋ. ಅಷ್ಟು ಹೊಗಳಿಕೆ ಹೊತ್ತು ನಿಂತರೆ ಕಾಲು ನೋಯುತ್ತದೆ" ಎಂದು ಗುರುಗಳು ಕತೆ ಹೇಳತೊಡಗಿದರು.

ಅಚ್ಚಿನ ಮೊಳೆಗಳಿಗೆ ಅಕ್ಷರ ಕೊರೆಯುವವನೊಬ್ಬನಿದ್ದ. ಅವನ ತಾಯಿ ಮುಪ್ಪಿನಲ್ಲಿ ಓದು ಕಲಿತಳು. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು ಓದುವಳು. ಅಕ್ಷರದ ಬಾಲ, ಬಳುಕು, ಒಮ್ಮೆ ದಪ್ಪ ಒಮ್ಮೆ ಸಣ್ಣ ಆಗುವ ಗೆರೆ, ಇವುಗಳಲ್ಲಿ ಅವಳ ಬೆರಳು ಎಡವುತ್ತಿತ್ತು. ಮಗ ಇಪ್ಪತ್ತು ವರ್ಷ ಕೂತು ಆ ಒಡವೆಗಳನ್ನೆಲ್ಲ ಕಳಚಿ, ಒಂದೇ ದಪ್ಪದ ಗೆರೆಯ ಬೋಳು ಅಕ್ಷರ ಮಾಡಿದ. ಅಷ್ಟರಲ್ಲಿ ತಾಯಿ ತೀರಿಕೊಂಡಿದ್ದಳು. ತಾನು ಸಾಯುವಾಗ ಆ ಮೊಳೆಗಳನ್ನು ಶಿಷ್ಯನಿಗೆ ಕೊಟ್ಟು, "ಇದು ಬೆರಳಿಟ್ಟು ಓದುವವರಿಗೆ ಮಾಡಿದ್ದು, ಮರೆಯಬೇಡ" ಎಂದ.

ಶಿಷ್ಯ ಮರೆತ. ಬೋಳು ಅಕ್ಷರದ ಸುತ್ತ ಬಿಳಿ ಜಾಗ ಬಿಟ್ಟರೆ ಎಷ್ಟು ಚೆಂದ ಕಾಣುತ್ತದೆ ಎಂದು ಅವನಿಗೆ ಹೊಳೆದಿತ್ತು. ವರ್ಷಗಟ್ಟಲೆ ಅದನ್ನೇ ಅಭ್ಯಾಸ ಮಾಡಿದ. ಬೇರೆ ಅಚ್ಚುಕೂಟದವರು ಬಂದು ತಲೆದೂಗಿ ಹೋದರು. ಇವನು ಉಬ್ಬಿಹೋದ.

ಒಂದು ಬೇಸಿಗೆ ಊರಿಗೆ ವಾಂತಿಭೇದಿ ಬಂತು. ಬಾವಿ ಕೆಟ್ಟಿದೆ ಎಂದು ತಿಳಿದು ಹಿರಿಯರು, "ಬಾವಿಯ ನೀರು ಕುಡಿಯಬೇಡಿ" ಎಂದು ಅಚ್ಚು ಹಾಕಲು ಹೇಳಿದರು. ಶಿಷ್ಯ ಮೊದಲ ಎರಡು ಪದಗಳನ್ನು ಹಾಳೆಯ ತಲೆಯಲ್ಲಿ ದೊಡ್ಡದಾಗಿ ಇಟ್ಟ. ಮೂರನೆಯದನ್ನು ಸಮತೂಕಕ್ಕೆಂದು ಕೆಳಗಿನ ಮೂಲೆಗೆ ಸಣ್ಣದಾಗಿ ಇಳಿಸಿದ. ನಡುವೆಲ್ಲ ಬಿಳಿ. ಅದನ್ನು ಬಾವಿಕಟ್ಟೆಗೆ ಅಂಟಿಸಿದರು. ಓದು ಬಲ್ಲವರು ಓದಿ, ಬರಿಗೊಡ ಹೊತ್ತು ಹಿಂದಿರುಗಿದರು.

ಐದನೆಯ ದಿನ ಒಬ್ಬ ಹೆಂಗಸು ಅಚ್ಚುಕೂಟಕ್ಕೆ ಬಂದಳು. ಅವಳ ಇಬ್ಬರು ಮಕ್ಕಳನ್ನೂ ಹಿಂದಿನ ದಿನ ಮಣ್ಣು ಮಾಡಿದ್ದರು.

"ನಾ ಓದೀನಿ, ಯಪ್ಪಾ" ಎಂದಳು. "ಬೆರಳಿಟ್ಟು ಓದೀನಿ. ಬಾವಿಯ ನೀರು ಅಂತಿತ್ತು. ಆಮ್ಯಾಲೆ ಬರೇ ಬಿಳಿ. ಮುಗೀತು ಅಂತ ಕೊಡ ತುಂಬಿಕೊಂಡು ಹೋದ್ನಿ."

"ಕೆಳಗೆ ಇತ್ತಲ್ಲ, ತಾಯಿ" ಎಂದ ಅವನು. ಹಾಗೆ ಅಂದದ್ದಕ್ಕೆ ಸಾಯುವತನಕ ಅವನು ತನ್ನನ್ನು ತಾನು ಕ್ಷಮಿಸಿಕೊಳ್ಳಲಿಲ್ಲ.

"ಇತ್ತೇನ್ರಿ?" ಎಂದು ಅವಳು ತನ್ನ ಬೆರಳನ್ನೇ ನೋಡಿಕೊಂಡಳು. ಇನ್ನೇನೂ ಕೇಳದೆ ಹೊರಟುಹೋದಳು.

ಗುರುಗಳು ಕತೆ ಮುಗಿಸಿದರು. ನಿರ್ವಾಣೆಪ್ಪ ತಡವರಿಸಿದ. "ಆದರೆ ಗುರುಗಳೇ, ನನ್ನದು ಬರೀ ಅಭ್ಯಾಸದ ಹಾಳೆ."

ಗುರುಗಳು ನಡುವೆಲ್ಲ ಬಿಳಿ ಬಿಟ್ಟಿದ್ದ ಆ ಹಾಳೆಯನ್ನು ಅವನ ಮುಂದಕ್ಕೆ ಸರಿಸಿ ಹೇಳಿದರು:

"ಬಾವಿಕಟ್ಟೆಗೆ ಅಂಟಿದ್ದೂ ಅವನು ಅಭ್ಯಾಸ ಮಾಡಿದ್ದೇ ಕಣಯ್ಯ."