ನಾಯಿ ಗಾಡಿಯ ಹಿಂದೆ ಓಡುವುದು ಯಾಕೆ

ಭೂಮಿಯ ಮೇಲೆ ಇನ್ನೂ ರಸ್ತೆಗಳೇ ಇರಲಿಲ್ಲ. ಕುರಿ ನಡೆದದ್ದೇ ದಾರಿ. ಗಾಳಿಯ ಮಾತು ನಾಯಿಗೆ, ನಾಯಿಯ ಮಾತು ಮನುಷ್ಯರಿಗೆ ತಿಳಿಯುತ್ತಿದ್ದ ಕಾಲ ಅದು.

ಆಗ ದ್ಯಾವವ್ವ ಎಂಬ ಕಂಬಳಿ ನೇಯುವವಳಿದ್ದಳು. ಬೆಳಗ್ಗೆ ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತರೆ ಹೊತ್ತು ಮುಳುಗಿದ ಮೇಲೇ ಏಳುವುದು. ಒಂಟಿ ಜೀವ. ಜೊತೆಗೊಂದು ನಾಯಿ ಬೇಕು ಅನ್ನಿಸಿತು.

ಕುರಿ ಕಾಯುವ ಮಾಳಿಂಗ ವರ್ಷಕ್ಕೊಮ್ಮೆ ಬಂದು ಉಣ್ಣೆ ಕೊಟ್ಟು ಕಂಬಳಿ ಒಯ್ಯುತ್ತಿದ್ದ. ಹೊಸ ಕಂಬಳಿ ಹೆಗಲಿಗೇರಿದ ಗಳಿಗೆಯಲ್ಲಿ ನೇಯ್ದವರು ಮಂದೆಯಿಂದ ಒಂದು ಜೀವ ಕೇಳಬಹುದು, ಕುರಿಯವನು ಇಲ್ಲ ಅನ್ನಬಾರದು. ಅದು ರೂಢಿ. ಎಲ್ಲರೂ ಕುರಿಮರಿ ಕೇಳುತ್ತಿದ್ದರು. ದ್ಯಾವವ್ವ ಮಂದೆಯ ನಾಯಿಗೆ ಬೆರಳು ತೋರಿಸಿದಳು. ಉದ್ದ ಕಾಲು, ಸಣ್ಣ ನಡು, ಹೊಳೆಯುವ ಮೈ.

ಮಾಳಿಂಗನ ಮುಖ ಬಾಡಿತು. ಇದು ದಿನಕ್ಕೆ ಹತ್ತು ಗುಡ್ಡ ಸುತ್ತುವ ನಾಯಿ, ನಿನ್ನ ಬಾಗಿಲಲ್ಲಿ ಬಿದ್ದಿರುವ ಆ ಮೋಟುಕಾಲಿನ ನಾಯಿಯೇ ನಿನಗೆ ಸರಿ ಎಂದು ಹೇಳಿ ನೋಡಿದ.

“ಅದನ್ನು ಸಾಕಿದರೆ ಬಂದವರು ನಗುತ್ತಾರೆ. ಕಂಬಳಿ ಹೊದ್ದು ಮಾತು ತಪ್ಪುತ್ತೀಯೇನಪ್ಪ?”

“ಮಾತು ತಪ್ಪೋದಿಲ್ಲಕ್ಕ. ನೀನು ಅದರ ಚಂದ ನೋಡಿದೆ, ಬದುಕು ನೋಡಲಿಲ್ಲ.”

ನಾಯಿಯನ್ನು ಯಾರೂ ಕೇಳಲಿಲ್ಲ. ಅದಕ್ಕೆ ಮಾತು ಬರುತ್ತಿತ್ತು. ಆದರೂ ಕೇಳಲಿಲ್ಲ.

ಮಾಳಿಂಗ ಅದನ್ನು ಬಿಟ್ಟು ಮಂದೆಯೊಡನೆ ಹೊರಟುಹೋದ. ದ್ಯಾವವ್ವ ಅದನ್ನು ಕಂಬಕ್ಕೆ ಕಟ್ಟಿದಳು. ನಾಯಿ ಕಂಬ ಸುತ್ತಿತು. “ಗಾಳಿ, ನನ್ನ ಮಂದೆ ಎಲ್ಲಿ?” ಎಂದಿತು.

“ಹೊಳೆಯ ಆಚೆ,” ಎಂದಿತು ಗಾಳಿ.

ಮರುದಿನವೂ ಕಂಬ ಸುತ್ತಿತು, ಮತ್ತೆ ಕೇಳಿತು. ಗುಡ್ಡದ ಆಚೆ ಎಂದಿತು ಗಾಳಿ. ಆಮೇಲೆ ಮಳೆ ಹಿಡಿಯಿತು. ಆಗಲೂ ಕೇಳಿತು. ನನಗೂ ಕಾಣುತ್ತಿಲ್ಲ ಎಂದಿತು ಗಾಳಿ.

ದ್ಯಾವವ್ವನಿಗೆ ಎಲ್ಲ ಕೇಳಿಸುತ್ತಿತ್ತು. ಹಾಲಿಟ್ಟೆ, ಉಣ್ಣೆ ಹಾಸಿದೆ, ಇನ್ನೇನು ಬೇಕು ಎಂದು ಗದರಿದಳು. ಹೊಟ್ಟೆ ತುಂಬಿಸಿದರೆ ಸಾಕು ಅಂದುಕೊಳ್ಳುವವರು ಆಗಲೂ ಇದ್ದರು.

ಒಂದು ದಿನ ಲಾಳಿ ಕೈಜಾರಿ ಉರುಳಿತು. ಎತ್ತಿಕೊಳ್ಳಲು ಹೋದವಳು ಕಂಬದ ಬುಡ ನೋಡಿದಳು. ನಾಯಿ ಸುತ್ತಿ ಸುತ್ತಿ ಅಲ್ಲೂ ಒಂದು ಗುಂಡಿ ಬಿದ್ದಿತ್ತು. ಅದರೊಳಗೆ ನಾಯಿ ಮಲಗಿತ್ತು, ಮೂಳೆ ಮೂಳೆ. ಮಲಗಿದಲ್ಲೇ ನಾಲ್ಕೂ ಕಾಲು ಓಡುತ್ತಿದ್ದವು.

ಅವಳು ಹಗ್ಗ ಬಿಚ್ಚಿದಳು. “ನಿನ್ನನ್ನೇ ಕೇಳಬೇಕಾಗಿತ್ತು, ತಪ್ಪಾಯಿತಪ್ಪ. ಹೋಗು.”

ನಾಯಿ ಓಡಿತು. ಆದರೆ ಮಳೆ ಹೆಜ್ಜೆಗಳನ್ನೂ ವಾಸನೆಯನ್ನೂ ತೊಳೆದುಬಿಟ್ಟಿತ್ತು. ದೂರದಲ್ಲಿ ಏನೇ ಅಲುಗಾಡಿದರೂ ಮಂದೆ ಅಂದುಕೊಂಡು ಓಡಿತು. ಹತ್ತಿರ ಹೋದರೆ ಜಿಂಕೆಯ ಹಿಂಡು, ನಾಯಿ ನಿಂತಿತು. ದನದ ಹಿಂಡು, ನಿಂತಿತು. ಮಂದೆ ಸಿಗಲೇ ಇಲ್ಲ. ಮಾಳಿಂಗ ಮತ್ತೆ ಆ ಕಡೆ ಬರಲಿಲ್ಲ. ದ್ಯಾವವ್ವ ಮತ್ತೆ ಯಾವ ಜೀವವನ್ನೂ ಕೇಳಲಿಲ್ಲ. ನಾಯಿಗೆ ಮರಿಗಳಾದವು, ಮರಿಗಳಿಗೆ ಮರಿಗಳಾದವು. ಅಷ್ಟರಲ್ಲಿ ರಸ್ತೆ ಬಂತು, ಗಾಡಿ ಬಂತು. ಹುಡುಕಾಟ ನಿಲ್ಲಲಿಲ್ಲ.

ನಮ್ಮ ಬೀದಿಯ ನಾಯಿ ಬೈಕಿನ ಹಿಂದೆ ಏದುಸಿರು ಬಿಟ್ಟುಕೊಂಡು ಓಡಿ, ನಡುರಸ್ತೆಯಲ್ಲಿ ಸುಮ್ಮನೆ ನಿಂತುಬಿಡುವುದನ್ನು ನೋಡಿದ್ದೀಯಲ್ಲ ಮಗು, ಆ ಧೂಳಿನಲ್ಲೂ ತನ್ನ ಮಂದೆ ಇಲ್ಲವೆಂದು ಆಗ ತಾನೇ ಅದಕ್ಕೆ ತಿಳಿದಿರುತ್ತದೆ.